ಕೆಂಪು ಮಣ್ಣಿನ ಊರಲ್ಲಿ ಕೆನೆ ಬಣ್ಣದ ಕಾರ್ಪೆಟ್

ನಾನು ಕೊಂಡ ಸೆಕೆಂಡ್ ಹ್ಯಾಂಡ್ ಕಾರು ಬೆಂಗಳೂರಿನದ್ದು. ಸೀಟು, ಬಾಗಿಲಿನ ಒಳಮೈ, ನೆಲದ ಕಾರ್ಪೆಟ್, ಎಲ್ಲಾ ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣ. ಶಿರಸಿಗೆ ತಂದು ಅಂಗಳದಲ್ಲಿ ನಿಲ್ಲಿಸಿದ ದಿನ ನನ್ನ ಭಾವ ಒಂದು ಸುತ್ತು ಹಾಕಿದ. ಬಾಗಿಲು ತೆಗೆದು, ಬಗ್ಗಿ ಒಳಗೆ ನೋಡಿದ. "ಚೊಲೋ ಇದ್ದು ಭಾವ. ಆದ್ರೆ ಇದ್ಕೆ ಒಂದ್ ಮಳೆಗಾಲ ಸಾಕು" ಅಂದ.

ಹಾಗೇ ಆಯಿತು. ಆದರೆ ಕಾರ್ಪೆಟ್ ಕೆಡಿಸಿದ್ದು ಅವನು ಅಂದುಕೊಂಡ ಕೆಂಪು ಮಣ್ಣಲ್ಲ. ಆ ಮಣ್ಣು ತೊಳೆಯೋಕೆ ನಾನೇ ಸುರಿದ ಒಂದು ಬಕೆಟ್ ನೀರು.

ಜೂನ್ ಕೊನೆಯ ಒಂದು ಭಾನುವಾರ, ಮಳೆ ಸ್ವಲ್ಪ ಬಿಟ್ಟಿತ್ತು. ಬಟ್ಟೆ ಒಗೆಯುವ ಪುಡಿ ಕದಡಿ, ಬಟ್ಟೆ ತಿಕ್ಕುವ ಬ್ರಶ್ ಹಿಡಿದು ಕೂತೆ. ಸಂಜೆ ಹೊತ್ತಿಗೆ ಕಾರ್ಪೆಟ್ ಹೊಸದರ ಹಾಗೆ ಆಯಿತು. ಮೂರನೇ ದಿನ ಬಾಗಿಲು ತೆಗೆದರೆ ಒದ್ದೆ ಕಂಬಳಿಯ ವಾಸನೆ. ವಾರದ ಹೊತ್ತಿಗೆ ಅದೇ ಕೆಂಪು ಕಲೆ ಮತ್ತೆ ಮೇಲೆ ಬಂದಿತ್ತು. ಜೊತೆಗೆ ಸೀಟಿನ ಕೆಳಗೆ ಬೂದು ಬಣ್ಣದ ಬೂಸ್ಟು.

ಏನಾಗಿತ್ತು ಅಂದರೆ, ಕಣ್ಣಿಗೆ ಕಾಣುವ ಕಾರ್ಪೆಟ್ ಬರೀ ಮೇಲಿನ ಪದರ. ಸಾಮಾನ್ಯವಾಗಿ ಪಾಲಿಯೆಸ್ಟರ್ ಇಲ್ಲವೇ ಪಾಲಿಪ್ರೊಪಿಲೀನ್ ಎಳೆಗಳನ್ನು ಒತ್ತಿ ಮಾಡಿದ್ದು. ಅದರ ಕೆಳಗೆ ಸದ್ದು ತಡೆಯುವುದಕ್ಕೆ ದಪ್ಪನೆಯ ಫೆಲ್ಟ್ ಅಥವಾ ಫೋಮ್ ಇರುತ್ತದೆ. ಅದರ ಕೆಳಗೆ ಕಬ್ಬಿಣದ ತಗಡು. ಮೇಲಿನ ಎಳೆಗೆ ನೀರು ಅಂಟುವುದಿಲ್ಲ, ಫ್ಯಾನ್ ಹಾಕಿದರೆ ಒಂದು ದಿನದಲ್ಲಿ ಒಣಗುತ್ತದೆ. ಕೆಳಗಿನ ಫೋಮ್ ಮಾತ್ರ ಸ್ಪಂಜಿನ ಹಾಗೆ ನೀರು ಕುಡಿದು ಕೂತುಬಿಡುತ್ತದೆ. ಗಾಳಿ ಆಡುವುದಕ್ಕೆ ಅಲ್ಲಿ ಜಾಗವೇ ಇಲ್ಲ.

ಕಲೆ ವಾಪಸ್ ಬಂದಿದ್ದೂ ಇದರಿಂದಲೇ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆಯುತ್ತದೆ ಅಲ್ವಾ, ಕಾರ್ಪೆಟ್ ಎಳೆಯೂ ಹಾಗೇ. ಮೇಲ್ಭಾಗ ಒಣಗುತ್ತಾ ಹೋದ ಹಾಗೆ ಕೆಳಗಿನ ನೀರು ಎಳೆಯ ಗುಂಟ ಮೇಲೆ ಬರುತ್ತದೆ. ಬರುವಾಗ ಕರಗಿದ ಕೊಳೆಯನ್ನೂ ಸೋಪನ್ನೂ ಹೊತ್ತು ತರುತ್ತದೆ. ನೀರು ಆರಿಹೋಗುತ್ತದೆ, ಕೊಳೆ ಎಳೆಯ ತುದಿಯಲ್ಲಿ ಉಳಿಯುತ್ತದೆ. ಜೊತೆಗೆ ಉಳಿದ ಸೋಪು ಜಿಗುಟು. ಮುಂದಿನ ಸಲ ಕಾಲಿಟ್ಟಾಗ ಅದೇ ಜಾಗಕ್ಕೆ ಮೊದಲಿಗಿಂತ ಬೇಗ ಧೂಳು ಹಿಡಿಯುತ್ತದೆ. ತೊಳೆದಷ್ಟೂ ಕೊಳೆಯಾಗುವ ಕಾರ್ಪೆಟ್ ಅಂತ ಬೈಯುತ್ತಾರಲ್ಲ, ಅದರ ಕತೆ ಇಷ್ಟೇ.

ಹಾಗಾಗಿ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಾರಿನ ಒಳಗೆ ಯಾವ ಕಲೆ ತೆಗೆಯುವುದಿದ್ದರೂ ಮೊದಲು ನೀರಿಗೆ ಲೆಕ್ಕ ಇಡಬೇಕು. ಬಯಲುಸೀಮೆಯವರು ಬಕೆಟ್ ಹಿಡಿದು ತೊಳೆದು ಬಿಸಿಲಿಗೆ ಬಿಟ್ಟರೆ ಆಯಿತು. ನಮಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಆ ಬಿಸಿಲು ಎಲ್ಲಿದೆ? ಉಟ್ಟ ಬಟ್ಟೆಯನ್ನೇ ಬಚ್ಚಲ ಒಲೆಯ ಮೇಲೆ ಒಣಗಿಸುವ ಊರು ನಮ್ಮದು.

ಮಣ್ಣಿನಿಂದಲೇ ಶುರು ಮಾಡೋಣ. ನಮ್ಮ ಚಿರೇಕಲ್ಲು, ಅದು ಪುಡಿಯಾಗಿ ಆಗುವ ಕೆಂಪು ಮಣ್ಣು, ಎರಡಕ್ಕೂ ಬಣ್ಣ ಕೊಡುವುದು ಕಬ್ಬಿಣದ ಆಕ್ಸೈಡ್, ಅಂದರೆ ತುಕ್ಕಿನ ಸಂಬಂಧಿ. ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟವನು ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ. ಲ್ಯಾಟಿನ್ ಭಾಷೆಯಲ್ಲಿ ಲೇಟರ್ ಅಂದರೆ ಇಟ್ಟಿಗೆ. ಅವನು ಹೆಸರಿಟ್ಟಿದ್ದು ಮಲಬಾರಿನ ಕಲ್ಲು ನೋಡಿ. ಆದರೆ ಅದೇ ಪ್ರವಾಸದಲ್ಲಿ, 1801ರಲ್ಲಿ, ನಮ್ಮ ಶಿರಸಿ ಹತ್ತಿರದ ಸೋಂದೆಯ ಕಡೆಗೂ ಬಂದು ಹೋಗಿದ್ದ. ಅವನಿಗೆ ಕಾರ್ಪೆಟ್ಟಿನ ಚಿಂತೆ ಇರಲಿಲ್ಲ.

ಈ ಮಣ್ಣು ಯಾಕೆ ಹಟ ಮಾಡುತ್ತದೆ ಅಂತ ತಿಳಿಯಬೇಕಾದರೆ ಒಂದು ಲೋಟ ನೀರಿಗೆ ಒಂದು ಚಿಟಿಕೆ ಕೆಂಪು ಮಣ್ಣು ಹಾಕಿ ಕದಡಿ ಇಡಿ. ಮರಳು ನಿಮಿಷದೊಳಗೆ ತಳ ಸೇರುತ್ತದೆ. ನೀರಿನ ಕೆಂಪು ಮಾತ್ರ ಬೇಗ ಹೋಗುವುದಿಲ್ಲ. ಅದು ಜೇಡಿ. ಅದರ ಕಣ ಒಂದು ಮಿಲಿಮೀಟರಿನ 500ರಲ್ಲಿ ಒಂದು ಪಾಲಿಗಿಂತಲೂ ಚಿಕ್ಕದು. ಮಳೆಗಾಲದಲ್ಲಿ ಅಘನಾಶಿನಿ ಕೆಂಪಾಗಿ ಹರಿಯುವುದು ಇದೇ ಕಣಗಳಿಂದ. ಒದ್ದೆ ಕೆಸರನ್ನು ಬಟ್ಟೆಯಿಂದ ಉಜ್ಜಿದಿರಿ ಅಂದರೆ ಈ ಕಣಗಳನ್ನು ನೀವೇ ಎಳೆಯ ಸಂದಿಗೆ ತುರುಕಿದ ಹಾಗೆ.

ಅದಕ್ಕೇ ಕೆಸರು ಕಂಡ ಕೂಡಲೇ ಕೈ ಕಟ್ಟಿ ಕೂರಬೇಕು. ಗಟ್ಟಿ ಮುದ್ದೆ ಇದ್ದರೆ ಹಳೇ ಎಟಿಎಂ ಕಾರ್ಡಿನಿಂದ ಒತ್ತದೆ ಮೇಲಕ್ಕೆ ಎತ್ತಿ ತೆಗೆಯಿರಿ. ಉಳಿದದ್ದು ಪೂರ್ತಿ ಒಣಗಲಿ. ಒಣಗಿದ ಜೇಡಿ ಬಿರುಕು ಬಿಟ್ಟು ಎಳೆಯಿಂದ ಸಡಿಲ ಆಗುತ್ತದೆ. ಆಮೇಲೆ ಬ್ರಶ್ಶಿನ ಹಿಂಬದಿಯಿಂದ ತಟ್ಟಿ, ವ್ಯಾಕ್ಯೂಮ್ ಹಿಡಿಯಿರಿ. ತಟ್ಟುತ್ತಾ ಎಳೆಯಬೇಕು, ಆಗ ಆಳದ ಪುಡಿ ಮೇಲೆ ಬರುತ್ತದೆ. ಬಹುಪಾಲು ಕೆಲಸ ಇಲ್ಲೇ ಮುಗಿಯುತ್ತದೆ, ಒಂದು ಹನಿ ನೀರಿಲ್ಲದೆ.

ಮಳೆಗಾಲದಲ್ಲಿ ಒಣಗುವುದು ಹೇಗೆ ಅಂತೀರಾ? ಮನೆಗೆ ಬರುವ ದಾರಿಯಲ್ಲಿ ಎಸಿ ಹಾಕಿ, ಗಾಳಿಯನ್ನು ಕಾಲಿನ ಕಡೆಗೆ ತಿರುಗಿಸಿ. ಎಸಿ ಬರೀ ತಂಪು ಮಾಡುವುದಿಲ್ಲ, ಗಾಳಿಯ ತೇವವನ್ನು ಹಿಂಡಿ ಹೊರಗೆ ಬಿಡುತ್ತದೆ. ನಿಲ್ಲಿಸಿದ ಕಾರಿನ ಕೆಳಗೆ ಹನಿ ಹನಿ ಬೀಳುವ ನೀರು ಅದೇ. ಎಸಿ ಜೊತೆ ಬಿಸಿಯನ್ನೂ ಸ್ವಲ್ಪ ಸೇರಿಸಿದರೆ ಇನ್ನೂ ಬೇಗ. ಮನೆಯಲ್ಲಿ ಶೆಡ್ ಇದ್ದರೆ ರಾತ್ರಿ ಬಾಗಿಲು ತೆಗೆದು ಟೇಬಲ್ ಫ್ಯಾನ್ ಇಡಿ.

ವ್ಯಾಕ್ಯೂಮ್ ಆದ ಮೇಲೂ ಕೆಂಪು ಛಾಯೆ ಉಳಿದರೆ ಆಗ ಸೋಪು. ಅರ್ಧ ಲೀಟರ್ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಕಾಲು ಚಮಚ, ಅಷ್ಟೇ. ಬಿಳಿ ಬಟ್ಟೆಯನ್ನು ಅದರಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ, ಕಲೆಯ ಅಂಚಿನಿಂದ ಒಳಗೆ ಒತ್ತುತ್ತಾ ಬನ್ನಿ. ಬಟ್ಟೆ ಬಿಳಿಯೇ ಆಗಬೇಕು. ಕೆಂಪು ಚೌಕದ ಟವೆಲ್ ಹಿಡಿದು ಹೋದರೆ ಅದರ ಬಣ್ಣವೂ ಕಾರ್ಪೆಟ್ಟಿಗೆ. ಒತ್ತಿ, ಬಟ್ಟೆಯ ಹೊಸ ಭಾಗ ತಿರುಗಿಸಿ, ಮತ್ತೆ ಒತ್ತಿ. ಕೊನೆಗೆ ಬರೀ ನೀರಲ್ಲಿ ಹಿಂಡಿದ ಬಟ್ಟೆಯಿಂದ ಸೋಪು ತೆಗೆದು, ಒಣ ಟವೆಲ್ ಮಡಚಿಟ್ಟು ಅದರ ಮೇಲೆ ಕಾಲೂರಿ ನಿಲ್ಲಿ. ಟವೆಲ್ ಎಷ್ಟು ನೀರು ಎಳೆಯುತ್ತದೆ ಅಂತ ನೋಡಿದರೆ ಆಶ್ಚರ್ಯ ಆಗುತ್ತದೆ.

ಅದಕ್ಕೂ ಜಗ್ಗದಿದ್ದರೆ ಹುಳಿ. ಹಿತ್ತಾಳೆ ಪಾತ್ರೆಯ ಕಿಲುಬು ಹುಣಸೆಹುಳಿಗೆ ಬಿಡುತ್ತದಲ್ಲ, ತುಕ್ಕೂ ಹಾಗೇ ಹುಳಿಗೆ ಕರಗುತ್ತದೆ. ಹುಣಸೆಗೆ ತನ್ನದೇ ಕಂದು ಬಣ್ಣ ಇರುವುದರಿಂದ ಅದು ಬೇಡ. ಒಂದು ಲೋಟ ನೀರಿಗೆ ಸಿಟ್ರಿಕ್ ಆಸಿಡ್ ಪುಡಿ ಒಂದು ಚಮಚ ಹಾಕಿ, ಕಲೆಗೆ ಮಾತ್ರ ತಾಗಿಸಿ, ಹತ್ತು ನಿಮಿಷ ಬಿಟ್ಟು ಒತ್ತಿ ತೆಗೆಯಿರಿ. ಬ್ಲೀಚ್ ಮಾತ್ರ ಬೇಡವೇ ಬೇಡ. ತುಕ್ಕಿನ ಕಲೆ ಅದಕ್ಕೆ ಹೋಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಹುಳಿಯ ಜೊತೆ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಮುಚ್ಚಿದ ಕಾರಿನೊಳಗೆ ಅದು ತಮಾಷೆಯ ಮಾತಲ್ಲ.

ಮಣ್ಣಿನಿಂದ ಅಡಿಕೆಗೆ ಬರೋಣ. ಶಿರಸಿ ಅಡಿಕೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿದೆ. ಆದರೆ ನನ್ನ ಸೀಟಿಗೆ ಅದರ ಟ್ಯಾಗ್ ಅದಕ್ಕೂ ಮೊದಲೇ ಬಿದ್ದಿತ್ತು. ಅಡಿಕೆಯಲ್ಲಿ ಟ್ಯಾನಿನ್ ಅನ್ನುವ ಒಗರು ಪದಾರ್ಥ ತುಂಬಾ ಇದೆ. ಅಡಿಕೆ ಬೇಯಿಸಿದ ಚೊಗರು ಅಷ್ಟು ಕಡು ಬಣ್ಣ ಇರುವುದು ಇದರಿಂದಲೇ. ಚಹಾ, ಗೇರುಹಣ್ಣಿನ ರಸ, ಬಾಳೆಯ ಸೊನೆ, ಎಲ್ಲದರಲ್ಲೂ ಇದೇ ಜಾತಿಯ ಒಗರು. ಕವಳ, ಅಂದರೆ ಎಲೆಅಡಿಕೆ, ಹಾಕಿದಾಗ ಬಾಯಿ ಕೆಂಪಾಗುವುದು ಎಲೆಯಿಂದಲ್ಲ. ಅಡಿಕೆಯ ಒಗರಿಗೆ ಸುಣ್ಣದ ಕ್ಷಾರ ತಾಗಿ ಆ ಕೆಂಪು ಹುಟ್ಟುತ್ತದೆ. ಹಾಗಿದ್ದ ಮೇಲೆ ಕವಳದ ಕಲೆಗೆ ಬಟ್ಟೆ ಸೋಪು ಅಥವಾ ಸೋಡಾ ಹಚ್ಚಿದರೆ ಏನಾಗುತ್ತದೆ? ಅವೂ ಕ್ಷಾರವೇ. ಸುಣ್ಣ ಮಾಡಿದ ಕೆಲಸವನ್ನೇ ಮುಂದುವರಿಸುತ್ತವೆ. ಇಲ್ಲಿ ಮೊದಲು ವಿನೆಗರ್ ಬೇಕು, ಒಂದು ಪಾಲು ವಿನೆಗರಿಗೆ ಎರಡು ಪಾಲು ನೀರು. ಒತ್ತಿ ತೆಗೆದು, ನೀರಿನ ಬಟ್ಟೆಯಿಂದ ಒರೆಸಿ. ಅದು ಒಣಗಿದ ಮೇಲೆ ಉಳಿದ ಛಾಯೆಗೆ ಹೈಡ್ರೋಜನ್ ಪೆರಾಕ್ಸೈಡ್. ಮೆಡಿಕಲ್ ಶಾಪಿನಲ್ಲಿ ಸಿಗುತ್ತದೆ. ಬಾಟಲಿ ಮೇಲೆ 6 ಪರ್ಸೆಂಟ್ ಅಂತ ಇದ್ದರೆ ಅಷ್ಟೇ ನೀರು ಬೆರೆಸಿ 3ಕ್ಕೆ ಇಳಿಸಿ. ವಿನೆಗರನ್ನೂ ಇದನ್ನೂ ಒಂದೇ ಬಾಟಲಿಯಲ್ಲಿ ಬೆರೆಸಬೇಡಿ. ಮೊದಲು ಸೀಟಿನ ಅಡಿಯಲ್ಲಿ, ಯಾರಿಗೂ ಕಾಣದ ಜಾಗದಲ್ಲಿ ಒಂದು ಹನಿ ಹಾಕಿ ನೋಡಿ. ಬಣ್ಣ ಹೋಗದಿದ್ದರೆ ಮುಂದುವರಿಯಿರಿ.

ಒಂದು ಅಡ್ಡ ಮಾತು. ಮೆಟ್ಟುಗತ್ತಿಯಲ್ಲಿ ಹಸಿ ಅಡಿಕೆ ಸುಲಿದವರ ಕೈ ಕಪ್ಪಾಗಿರುವುದನ್ನು ನೋಡಿದ್ದೀರಲ್ಲ? ಒಗರು ಮತ್ತು ಕಬ್ಬಿಣ ಸೇರಿದರೆ ಕಪ್ಪು ಮಸಿ. ಹಿಂದೆ ಅಳಲೆಕಾಯಿಗೆ ಕಬ್ಬಿಣ ಸೇರಿಸಿ ಬರೆಯುವ ಶಾಯಿಯನ್ನೇ ಮಾಡುತ್ತಿದ್ದರು. ತುಕ್ಕು ಹಿಡಿದ ಸೀಟಿನ ಕಂಬಿಯ ಹತ್ತಿರ ಚಹಾ ಚೆಲ್ಲಿ ಕಪ್ಪು ಗೆರೆ ಮೂಡಿದ್ದರೆ ಅದು ಇದೇ ಶಾಯಿ. ಅದಕ್ಕೂ ಸಿಟ್ರಿಕ್ ಆಸಿಡ್ಡೇ ಮದ್ದು.

ಅರಿಶಿನ ಇನ್ನೊಂದು ಮಜಾ. ತಂಬುಳಿಯ ತಪ್ಪಲೆ ಕಾರಿನಲ್ಲಿ ಸಾಗಿಸುವುದು ಬಿಡಿ ಅಂದರೆ ನಮ್ಮ ಮನೆಯಲ್ಲಿ ಕೇಳುವವರಿಲ್ಲ. ಅದರಲ್ಲಿ ಅರಿಶಿನ ಇದ್ದರೆ ಆ ಹಳದಿ ಕಲೆಗೆ ಸೋಪು ಹಚ್ಚಿದ ತಕ್ಷಣ ಕಡುಗೆಂಪಾಗುತ್ತದೆ. ಹೆದರಬೇಡಿ. ಅರಿಶಿನ ಕ್ಷಾರಕ್ಕೆ ಕೆಂಪಾಗುವುದು, ಹುಳಿಗೆ ಮತ್ತೆ ಹಳದಿಯಾಗುವುದು ಸಹಜ. ಅರಿಶಿನಕ್ಕೆ ಸುಣ್ಣ ಸೇರಿಸಿ ಕುಂಕುಮ ಮಾಡುವುದೂ ಇದೇ ಗುಣದಿಂದ. ಈ ಬಣ್ಣ ನೀರಿಗೆ ಕರಗುವುದಿಲ್ಲ, ಸ್ಪಿರಿಟ್ಟಿಗೆ ಕರಗುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಜರ್ ಬಿಳಿ ಬಟ್ಟೆಗೆ ಹಾಕಿ ಒತ್ತಿದರೆ ಬಹಳಷ್ಟು ಬರುತ್ತದೆ. ಉಳಿದದ್ದನ್ನು ಬಿಸಿಲಿಗೆ ಬಿಡಿ, ಅರಿಶಿನ ಬೆಳಕಿಗೆ ತಾನೇ ಬಿಳಿಚಿಕೊಳ್ಳುತ್ತದೆ. ಸ್ಯಾನಿಟೈಜರನ್ನು ಬಟ್ಟೆಯ ಸೀಟಿಗೆ ಮಾತ್ರ ಬಳಸಿ. ರೆಕ್ಸಿನ್ ಸೀಟು, ಮೀಟರಿನ ಮುಂದಿನ ಪಾರದರ್ಶಕ ಪ್ಲಾಸ್ಟಿಕ್ಕಿಗೆ ತಾಗಿದರೆ ಮಬ್ಬಾಗಬಹುದು.

ಉಂಬಳ, ಅಂದರೆ ಕಾಡಿನ ಜಿಗಣೆ, ಕಚ್ಚಿ ಆಗುವ ರಕ್ತದ ಕಲೆ ಬಹುಶಃ ನಮ್ಮಂಥ ಊರಿಗೇ ಮೀಸಲು. ಒಮ್ಮೆ ಮಳೆಯಲ್ಲಿ ಯಾಣಕ್ಕೆ ಹೋಗಿ ಬಂದೆವು. ಎಲ್ಲರೂ ಕಾಲು ನೋಡಿಕೊಂಡು, ಉಪ್ಪು ಹಚ್ಚಿ, ಕಾರು ಹತ್ತಿದರು. ಅರ್ಧ ದಾರಿಯಲ್ಲಿ ಹಿಂದಿನ ಸೀಟಿನಿಂದ ಅಕ್ಕನ ಮಗಳು "ಮಾಮಾ, ಕಾಲು ಒದ್ದೆ ಆಗ್ತಾ ಇದೆ" ಅಂದಳು. ದೀಪ ಹಾಕಿ ನೋಡಿದರೆ ಕಾಲುಚೀಲದ ಒಳಗೊಂದು ಉಳಿದಿತ್ತು. ಹೊಟ್ಟೆ ತುಂಬಿ ತಾನೇ ಉದುರಿದೆ, ಅವಳು ಹಿಮ್ಮಡಿಯಲ್ಲಿ ಅದನ್ನು ಮೆಟ್ಟಿದ್ದಾಳೆ. ಕಾರ್ಪೆಟ್ ಮೇಲೆ ಅಂಗೈ ಅಗಲ ಕೆಂಪು. ಸಾಲದ್ದಕ್ಕೆ ಕಾಲಿನ ರಕ್ತವೂ ನಿಲ್ಲಲಿಲ್ಲ. ಉಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ, ಹಿರುಡಿನ್ ಥರದ ಪದಾರ್ಥ ಇರುತ್ತದೆ. ಅದು ಬಿಟ್ಟು ಹೋದ ಮೇಲೂ ಗಾಯ ಜಿನುಗುತ್ತಲೇ ಇರುತ್ತದೆ.

ರಕ್ತ ಪ್ರೋಟೀನು. ಬಿಸಿನೀರು ತಾಗಿದರೆ ಮೊಟ್ಟೆ ಬೆಂದ ಹಾಗೆ ಎಳೆಗೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ತಣ್ಣೀರೇ ಬೇಕು. ನಾವು ರಸ್ತೆ ಪಕ್ಕ ನಿಲ್ಲಿಸಿ, ಕುಡಿಯುವ ನೀರಿನ ಬಾಟಲಿಗೆ ಉಂಬಳಕ್ಕೆ ಅಂತ ತಂದಿದ್ದ ಉಪ್ಪನ್ನೇ ಹಾಕಿ, ಕರವಸ್ತ್ರ ಅದ್ದಿ ಒತ್ತಿದೆವು. ಹಸಿ ಇದ್ದದ್ದರಿಂದ ಮುಕ್ಕಾಲು ಪಾಲು ಅಲ್ಲೇ ಬಂತು. ಮನೆಗೆ ಬಂದು ಪೆರಾಕ್ಸೈಡ್ ಹನಿ ಹಾಕಿದಾಗ ಬುಸ್ ಅಂತ ನೊರೆ ಎದ್ದಿತು, ನೊರೆಯ ಜೊತೆ ಉಳಿದದ್ದೂ ಬಂತು. ಈಗ ಆ ಜಾಗ ನನಗೂ ಹುಡುಕಲು ಸಿಗುವುದಿಲ್ಲ.

ಹಲಸಿನ ಮೇಣದ ಬಗ್ಗೆ ನಿಮಗೆ ನಾನು ಹೇಳುವುದು ಏನೂ ಇಲ್ಲ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡೇ ಹಲಸು ಬಿಡಿಸುತ್ತೀರಲ್ಲ, ಸೀಟಿಗೂ ಅದೇ. ಮೊದಲು ಮಂಜುಗಡ್ಡೆ ಇಟ್ಟು ಗಟ್ಟಿ ಮಾಡಿ ಕೆರೆದು ತೆಗೆಯಿರಿ. ಅಂಟು ಉಳಿದಲ್ಲಿ ನಾಲ್ಕು ಹನಿ ಎಣ್ಣೆ. ಆಮೇಲೆ ಎಣ್ಣೆ ತೆಗೆಯಲು ಪಾತ್ರೆ ಲಿಕ್ವಿಡ್. ತಲೆಗೆ ಹಚ್ಚಿದ ಎಣ್ಣೆಯಿಂದ ಕಂದಾದ ತಲೆದಿಂಬಿನ ಭಾಗಕ್ಕೂ ಅದೇ ಲಿಕ್ವಿಡ್ ಸಾಕು. ಹೊಸ ಎಣ್ಣೆಯಾದರೆ ಟಾಲ್ಕಂ ಪೌಡರ್ ಉದುರಿಸಿ ಒಂದು ತಾಸು ಬಿಟ್ಟು ವ್ಯಾಕ್ಯೂಮ್ ಹಿಡಿದರೂ ಆಯಿತು.

ಇನ್ನು ಘಟ್ಟ ಇಳಿದು ಕಾರವಾರ, ಅಂಕೋಲೆ ಕಡೆ ಹೋದರೆ ಕತೆಯೇ ಬೇರೆ. ಅಲ್ಲಿ ಎರಡು ಕಾಟ, ಮೀನಿನ ನೀರು ಮತ್ತು ಸಮುದ್ರದ ಮರಳು.

ಬಂಗುಡೆಯ ಪ್ಲಾಸ್ಟಿಕ್ ಚೀಲ ಡಿಕ್ಕಿಯಲ್ಲಿ ಸೋರಿದರೆ ಕಲೆ ದೊಡ್ಡದಲ್ಲ, ವಾಸನೆ ದೊಡ್ಡದು. ಆ ವಾಸನೆಗೆ ಮುಖ್ಯ ಕಾರಣ ಟ್ರೈಮೀಥೈಲ್ ಅಮೀನ್ ಅನ್ನುವ ಅನಿಲ. ಅದು ಕ್ಷಾರ. ಹುಳಿ ತಾಗಿದರೆ ಲವಣವಾಗಿ ಕೂತುಬಿಡುತ್ತದೆ, ಗಾಳಿಗೆ ಏಳುವುದಿಲ್ಲ, ಮೂಗಿಗೆ ಬರುವುದಿಲ್ಲ. ಮೀನಿಗೆ ಲಿಂಬು ಹಿಂಡುವುದರ, ಮೀನು ತೊಳೆದ ಕೈಗೆ ಲಿಂಬು ತಿಕ್ಕುವುದರ ಗುಟ್ಟು ಇದು. ಡಿಕ್ಕಿಯ ಕಾರ್ಪೆಟ್ಟಿಗೂ ಮೊದಲು ತಣ್ಣೀರು, ಆಮೇಲೆ ವಿನೆಗರ್ ನೀರು. ಪರಿಮಳದ ಸ್ಪ್ರೇ ಹೊಡೆದರೆ ಮೀನಿನ ಜೊತೆ ಮಲ್ಲಿಗೆ ಸೇರಿ ಯಾರೂ ಕೂರದ ಹಾಗಾಗುತ್ತದೆ. ಡಿಕ್ಕಿಯಲ್ಲಿ ಮುಚ್ಚಳ ಇರುವ ಒಂದು ಪ್ಲಾಸ್ಟಿಕ್ ಡಬ್ಬಿ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಸುಲಭ.

ಮರಳು ಮೋಸಗಾರ. ಟ್ಯಾಗೋರ್ ಬೀಚಿನಲ್ಲೋ ಗೋಕರ್ಣದಲ್ಲೋ ಆಡಿ ಬಂದ ಮಕ್ಕಳ ಕಾಲಿನ ಮರಳು ಒಣಗಿದ ಮೇಲೆ ಸುಮ್ನೆ ಕೊಡವಿದರೆ ಹೋಗುತ್ತದೆ ಅನ್ನಿಸುತ್ತದೆ. ಮರಳು ಹೋಗುತ್ತದೆ, ಅದರ ಜೊತೆ ಬಂದ ಉಪ್ಪು ಹೋಗುವುದಿಲ್ಲ. ಗಾಳಿಯ ತೇವಾಂಶ 75 ಪರ್ಸೆಂಟ್ ದಾಟಿತು ಅಂದರೆ ಉಪ್ಪು ಗಾಳಿಯಿಂದಲೇ ನೀರು ಎಳೆದು ಕರಗಲು ಶುರು ಮಾಡುತ್ತದೆ. ಮಳೆಗಾಲದಲ್ಲಿ ಸಾಣಿಕಟ್ಟಾ ಉಪ್ಪಿನ ಭರಣಿಯ ತಳದಲ್ಲಿ ನೀರು ನಿಲ್ಲುವುದಿಲ್ಲವೇ? ಕರಾವಳಿಯ ಮಳೆಗಾಲದಲ್ಲಿ ತೇವ ಅದಕ್ಕಿಂತ ಕಡಿಮೆ ಇರುವ ದಿನವೇ ಅಪರೂಪ. ಅಂದರೆ ಉಪ್ಪು ಕೂತ ಕಾರ್ಪೆಟ್ ಯಾವತ್ತೂ ಪೂರ್ತಿ ಒಣಗುವುದಿಲ್ಲ. ಅದರ ಕೆಳಗೆ ತಗಡು ತುಕ್ಕು ಹಿಡಿಯುತ್ತಾ ಹೋಗುತ್ತದೆ. ನೀರು ಕಡಿಮೆ ಅಂತ ಇಷ್ಟು ಹೊತ್ತು ಹೇಳಿದವನು ಇಲ್ಲಿ ಮಾತ್ರ ನೀರು ಬೇಕು ಅನ್ನುತ್ತೇನೆ. ಮರಳು ಎಳೆದ ಮೇಲೆ, ಸಿಹಿನೀರಲ್ಲಿ ಹಿಂಡಿದ ಬಟ್ಟೆಯಿಂದ ಎರಡು ಮೂರು ಸಲ ಒತ್ತಿ ಉಪ್ಪನ್ನು ತೆಗೆಯಬೇಕು. ಅದಕ್ಕಿಂತ ಒಳ್ಳೆಯದು, ಎರಡು ಲೀಟರ್ ನೀರಿನ ಬಾಟಲಿ ಇಟ್ಟುಕೊಂಡು, ಹತ್ತುವ ಮೊದಲೇ ಎಲ್ಲರ ಕಾಲು ತೊಳೆಸುವುದು.

ಮ್ಯಾಟಿನ ವಿಷಯದಲ್ಲಿ ನನ್ನ ಒಂದು ಪೆದ್ದುತನ ಹೇಳಿಬಿಡುತ್ತೇನೆ. ಎರಡನೇ ಮಳೆಗಾಲಕ್ಕೆ ಜಾಣನಾಗಿ, ಕಾರ್ಪೆಟ್ ಉಳಿಸಲು ಗೋಣಿಚೀಲ ಹಾಸಿದೆ. ಕೆಸರೆಲ್ಲ ಗೋಣಿ ಹಿಡಿಯಿತು, ನಿಜ. ಆದರೆ ನೆನೆದ ಸೆಣಬು ತನ್ನ ಕಂದು ಬಣ್ಣ ಬಿಟ್ಟಿತು. ತಿಂಗಳ ನಂತರ ಎತ್ತಿದಾಗ ಗೋಣಿಯ ನೇಯ್ಗೆ ಕಾರ್ಪೆಟ್ ಮೇಲೆ ಅಚ್ಚೊತ್ತಿತ್ತು. ಪೇಪರ್ ಹಾಸುವವರಿಗೂ ಇದೇ ಗತಿ, ಅಲ್ಲಿ ಶಾಯಿ ಇಳಿಯುತ್ತದೆ. ಅಂಚು ಎತ್ತರ ಇರುವ ರಬ್ಬರ್ ಮ್ಯಾಟೇ ನಮ್ಮ ಮಳೆಗೆ ಸರಿ. ಅದರಲ್ಲಿ ನಿಂತ ನೀರನ್ನು ದಿನಾ ಚೆಲ್ಲಬೇಕು, ವಾರಕ್ಕೊಮ್ಮೆ ಎತ್ತಿ ಕೆಳಗೆ ಕೈ ಇಟ್ಟು ನೋಡಬೇಕು.

ಕೈ ಇಟ್ಟಾಗ ಒದ್ದೆ ಸಿಕ್ಕಿ, ಯಾರೂ ನೀರು ಚೆಲ್ಲಿಲ್ಲ ಅಂತಾದರೆ ಕಲೆಯ ಹಿಂದೆ ಹೋಗಬೇಡಿ, ನೀರು ಬರುವ ದಾರಿ ಹುಡುಕಿ. ಎಸಿಯ ನೀರು ಹೊರಗೆ ಹೋಗುವ ಸಣ್ಣ ಪೈಪು ಧೂಳಿನಿಂದ ಕಟ್ಟಿದರೆ ಆ ನೀರು ಕಾರಿನ ಒಳಗೇ ಇಳಿಯುತ್ತದೆ, ಹೆಚ್ಚಾಗಿ ಡ್ರೈವರ್ ಪಕ್ಕದ ಸೀಟಿನ ಕಾಲ ಬಳಿ. ಎಸಿ ಹಾಕಿ ಅರ್ಧ ತಾಸು ಆದರೂ ಕಾರಿನ ಕೆಳಗೆ ಹನಿ ಬೀಳದಿದ್ದರೆ ಅನುಮಾನ ಪಡಿ. ಹಲಸು, ಮಾವಿನ ಮರದ ಕೆಳಗೆ ನಿಲ್ಲಿಸುವವರು ವೈಪರ್ ಬುಡದ ಜಾಲರಿಯಲ್ಲಿ ಕೊಳೆತ ಎಲೆ ತೆಗೆಯಿರಿ. ಅಲ್ಲಿಯ ತೂತು ಮುಚ್ಚಿದರೆ ಮಳೆ ನೀರೂ ಒಳಗೆ. ಬಾಗಿಲಿನ ಕೆಳ ಅಂಚಿನಲ್ಲಿ ಸಣ್ಣ ತೂತುಗಳಿರುತ್ತವೆ, ಅವಕ್ಕೂ ಕೆಸರು ಮೆತ್ತಿರುತ್ತದೆ. ಒಂದು ಹಿಡಿಕಡ್ಡಿ ಸಾಕು.

ಬೂಸ್ಟು ಬಂದೇಬಿಟ್ಟಿದ್ದರೆ ಒಣ ಬ್ರಶ್ಶಿನಿಂದ ಕಾರಿನೊಳಗೆ ಝಾಡಿಸಬೇಡಿ, ಅದರ ಬೀಜಕಣ ಎಲ್ಲಾ ಕಡೆ ಹಾರುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಬಾಗಿಲೆಲ್ಲ ತೆಗೆದು, ವಿನೆಗರ್ ಬಟ್ಟೆಯಿಂದ ಒರೆಸಿ ತೆಗೆಯಿರಿ. ಮೇಲ್ಛಾವಣಿಯ ಬಟ್ಟೆಯಲ್ಲಿ ಬಂದಿದ್ದರೆ ಬಹಳ ನಿಧಾನ. ಅದು ತೆಳು ಫೋಮಿಗೆ ಅಂಟಿಸಿದ ಬಟ್ಟೆ, ನೆನೆದರೆ ಅಂಟು ಬಿಟ್ಟು ಜೋತಾಡುತ್ತದೆ. ಸೀಟ್ ಬೆಲ್ಟಿಗೆ ಸಾದಾ ಸೋಪಿನ ನೀರು ಬಿಟ್ಟು ಬೇರೇನೂ ಹಚ್ಚಬೇಡಿ. ಬ್ಲೀಚ್ ತಾಗಿದ ಎಳೆ ಬಲ ಕಳೆದುಕೊಳ್ಳುತ್ತದೆ.

ದಸರೆ ಕಳೆದು, ಕೊಯ್ಲು ಶುರುವಾಗುವ ಮೊದಲು, ಒಂದು ಒಳ್ಳೆ ಬಿಸಿಲಿನ ದಿನ ನೋಡಿ ನಾನು ಕಾರ್ಪೆಟ್ಟಿನ ಅಂಚು ಎಬ್ಬಿಸುತ್ತೇನೆ. ಕೆಳಗೆ ಎರಡು ಕಟ್ಟಿಗೆ ತುಂಡು ಕೊಟ್ಟು, ನಾಲ್ಕೂ ಬಾಗಿಲು ತೆಗೆದು, ಅಡಿಕೆ ಹರವುವ ಅಂಗಳದಲ್ಲಿ ಇಡೀ ದಿನ ಬಿಡುತ್ತೇನೆ. ಸೀಟು ಬಿಚ್ಚುವ ಆಸೆ ಆದರೆ ಮಾತ್ರ ಕೆಳಗೆ ಹಳದಿ ಬಣ್ಣದ ವೈರ್ ಕನೆಕ್ಟರ್ ಇದೆಯಾ ನೋಡಿ. ಅದು ಏರ್‌ಬ್ಯಾಗಿನದ್ದು. ಕಂಡರೆ ಕೈ ಹಾಕಬೇಡಿ, ಸೀಟು ಇದ್ದಲ್ಲೇ ಇರಲಿ. ಹೋದ ವರ್ಷ ಹೀಗೆ ಎಬ್ಬಿಸಿದಾಗ ಫೋಮಿನ ಕೆಳಗೆ ಎರಡು ಅಡಿಕೆ, ಒಂದು ಸುಣ್ಣದ ಡಬ್ಬಿ ಸಿಕ್ಕಿದವು. ಭಾವ ಅದು ತನ್ನದಲ್ಲ ಅನ್ನುತ್ತಾನೆ.